ಎರಡನೇ ಸಾಲಿನ ಹೊಲಿಗೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಕಡ್ಡೀ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯೋ, ಇಲ್ಲ ನಾನಿಟ್ಟ ಹೆಸರಿಗೆ ತಕ್ಕ ಹಾಗೆ ಇನ್ನಷ್ಟು ಒಣಗಿದ್ದೀಯೋ? ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ. ಈಗ ಮನೆಯ ಮೂಲೆಮೂಲೆಯ ಧೂಳೂ ಅವಳಿಗೆ ಕಾಣುತ್ತದೆ, ನನ್ನ ಗ್ರಹಚಾರ. ಅಪ್ಪ ಎಂದಿನಂತೆ ಕಿಟಕಿಯ ಪಕ್ಕ ಎಡಗಾಲು ಚಾಚಿ ಕೂತು, ಬೀದಿಯಲ್ಲಿ ಹೋಗುವವರ ನಡಿಗೆ ನೋಡಿಯೇ ಯಾರ ಬೂಟು ಕಚ್ಚುತ್ತಿದೆ ಎಂದು ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಅಂಚೆ ಹಂಚಿ ನಡೆದವರಲ್ಲವೇ. ಚಳಿ ಇದ್ದ ದಿನ ಸೊಂಟ ಹಿಡಿದುಕೊಳ್ಳುತ್ತದೆ, ಆದರೆ ಬಾಯಿಗೆ ಏನೂ ಆಗಿಲ್ಲ.

ನಿನ್ನ ಕಾಗದ ಶುಕ್ರವಾರ ಬಂತು. ಮರಗಳ ಎಣಿಕೆಯ ಕೆಲಸಕ್ಕೆ ನಿನ್ನನ್ನು ಆರಿಸಿದ್ದಾರೆ ಎಂದು ಓದಿ ಅಮ್ಮ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು. ಮುಂದಿನ ಪುಟವನ್ನು ನಾನು ಅವಳಿಗೆ ಓದಿ ಹೇಳಲಿಲ್ಲ. ಕಾಡಿನ ನೆಲ ಕೆಲಸದ ಮೂರು ತಿಂಗಳೂ ಕೆಸರಾಗಿರುವುದರಿಂದ ಜೋಲಿಯಲ್ಲೇ ಮಲಗಬೇಕು, ಜೊತೆಗಾರರು ಒಬ್ಬರ ಜೋಲಿಯನ್ನು ಇನ್ನೊಬ್ಬರು ಕಟ್ಟಿಕೊಡಬೇಕು, ಅದು ನನ್ನಿಂದ ಆಗುವುದಿಲ್ಲ, ಇಪ್ಪತ್ತೈದರೊಳಗೆ ಸಾಹೇಬರ ಹತ್ತಿರ ಹೋಗಿ ಕಚೇರಿಯೊಳಗಿನ ಕೆಲಸವನ್ನೇ ಕೇಳುತ್ತೇನೆ ಎಂದು ಬರೆದಿದ್ದೀಯ. ಹಾಗೆ ಬರೆದವನೇ, ಒಂದು ವೇಳೆ ಹೋದರೆ ಜೋಲಿಯನ್ನು ಮರಕ್ಕೆ ಕಟ್ಟಲು ಯಾವ ಪಟ್ಟಿ ಒಳ್ಳೆಯದು, ಹೇಗೆ ಹೊಂದಿಸಬೇಕು ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೀಯ. ಆ ಕೊನೆಯ ಸಾಲನ್ನು ನೋಡಿಯೇ ನನಗೆ ಧೈರ್ಯ ಬಂತು. ಚಿಕ್ಕಂದಿನಿಂದ ಮರ ಕಂಡರೆ ಅಪ್ಪಿಕೊಳ್ಳುತ್ತಿದ್ದವನು ನೀನು. ನೀನು ಮೇಜಿನ ಮುಂದೆ ಕೂತು ಸವೆಯುವುದು ನನಗೆ ಇಷ್ಟವಿಲ್ಲ, ಕಣೋ.

ಮೊದಲು ಪಟ್ಟಿಯ ವಿಷಯ. ಅಂಗಡಿಯವನು ಹಗುರ ಹಗುರ ಎಂದು ಹುರಿಯಂಥ ಸಣ್ಣ ಹಗ್ಗ ತೋರಿಸಿದರೆ ಮರುಳಾಗಬೇಡ. ಅದು ತೊಗಟೆಯನ್ನು ಕೊಯ್ದುಹಾಕುತ್ತದೆ, ಮರ ಎಣಿಸಲು ಹೋದವನು ಮರವನ್ನೇ ಗಾಯ ಮಾಡಿ ಬಂದ ಹಾಗಾಗುತ್ತದೆ. ಪಟ್ಟಿ ಎರಡು ಬೆರಳಿನಷ್ಟಾದರೂ ಅಗಲ ಇರಲಿ. ನೈಲಾನ್ ಬೇಡ, ಒದ್ದೆಯಾದರೆ ಹಿಗ್ಗುತ್ತದೆ, ಮಂಚದ ಎತ್ತರದಲ್ಲಿ ಮಲಗಿದವನು ಬೆಳಗಾಗುವಷ್ಟರಲ್ಲಿ ಕೆಸರಿನಲ್ಲಿರುತ್ತೀಯ. ಪಾಲಿಯೆಸ್ಟರ್ ಹಿಗ್ಗುವುದಿಲ್ಲ. ರೇಷ್ಮೆಯ ಹಾಗೆ ನುಣುಪಾದ ಬಿಳಿ ಪಟ್ಟಿಯೊಂದು ಈಗ ಬಂದಿದೆ, ಕೈಯಲ್ಲಿ ಹಿಡಿದರೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಅದರಲ್ಲಿ ಗಂಟು ಜಾರುತ್ತದೆ. ಉದ್ದಕ್ಕೂ ಕುಣಿಕೆ ಹೊಲಿದ ಪಟ್ಟಿ ಸುಲಭವೇನೋ ಹೌದು, ಆದರೆ ಅಷ್ಟೂ ಕುಣಿಕೆಯ ಭಾರವನ್ನು ನೀನೇ ಹೊರಬೇಕು, ನಿನ್ನ ಬೆನ್ನಿನ ಮೇಲೆ ಮಾಂಸ ಎಲ್ಲಿದೆ?

ಅದಕ್ಕೇ ನಾನೇ ಎರಡು ಹೊಲಿದು ಈ ಪೊಟ್ಟಣದಲ್ಲಿಟ್ಟಿದ್ದೇನೆ. ಪಾಲಿಯೆಸ್ಟರ್, ಒಂದೊಂದೂ ಮೂರು ಮೀಟರ್. ಒಂದು ತುದಿಯಲ್ಲಿ ಮಾತ್ರ ಕುಣಿಕೆ. ಮರದ ಸುತ್ತ ಪಟ್ಟಿಯನ್ನು ತಂದು, ಇನ್ನೊಂದು ತುದಿಯನ್ನು ಕುಣಿಕೆಯೊಳಗೆ ತೂರಿಸಿ ಎಳೆದು, ಆ ತುದಿಯನ್ನು ಜೋಲಿಯ ತುದಿಯ ಲೋಹದ ಬಳೆಗೆ ಗಂಟು ಹಾಕು. ತಲೆಗಿಂತ ಒಂದು ಗೇಣು ಎತ್ತರದಲ್ಲಿ ಕಟ್ಟು. ಬಿಗಿಯಾಗಿ ಎಳೆದರೆ ಭದ್ರ ಎಂದು ಎಲ್ಲರೂ ತಿಳಿಯುತ್ತಾರೆ, ಅದು ಶುದ್ಧ ತಪ್ಪು. ಎಳೆದಷ್ಟೂ ಪಟ್ಟಿಯ ಮೇಲೆ ಭಾರ ಹೆಚ್ಚುತ್ತದೆ. ತೋರುಬೆರಳನ್ನು ನೆಲಕ್ಕೆ ಸಮವಾಗಿ ಚಾಚಿ, ಹೆಬ್ಬೆರಳನ್ನು ಮೇಲೆತ್ತು. ಪಟ್ಟಿ ಆ ಎರಡರ ತುದಿಯನ್ನೂ ಮುಟ್ಟುವಷ್ಟು ಓರೆಯಾಗಿದ್ದರೆ ಸರಿಯಾಗಿದೆ ಎಂದರ್ಥ. ಕಾಲಿನ ಕಡೆ ಸ್ವಲ್ಪ ಎತ್ತರ ಇರಲಿ, ಇಲ್ಲದಿದ್ದರೆ ಜಾರಿಕೊಂಡು ಹೋಗಿ ಉಂಡೆಯಾಗುತ್ತೀಯ. ಕೂತಾಗ ಕುರ್ಚಿಯ ಎತ್ತರಕ್ಕಿಂತ ಮೇಲಿರಬಾರದು. ಮಳೆಯಲ್ಲಿ ನೀರು ಪಟ್ಟಿಯುದ್ದಕ್ಕೂ ಹರಿದು ಜೋಲಿಗೆ ಬರುತ್ತದೆ, ಅದಕ್ಕೆ ಬಳೆಯ ಹತ್ತಿರ ಒಂದು ತುಂಡು ದಾರ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮೊದಲು ಕೈಯಿಂದ ಒತ್ತಿ ನೋಡು, ಆಮೇಲೆ ಅರ್ಧ ಕೂರು, ಆಮೇಲೆ ಪೂರ್ತಿ.

ನಮ್ಮ ಹೊಲಿಗೆ ಕಾರ್ಖಾನೆಯ ಕತ್ತರಿ ಅಮ್ಮ ನಿನಗೆ ನೆನಪಿದ್ದಾರಲ್ಲ, ಕೊರಳಿಗೆ ಕತ್ತರಿ ನೇತುಹಾಕಿಕೊಂಡೇ ಊಟ ಮಾಡುವ ಮೇಲ್ವಿಚಾರಕಿ. ಭಾರ ಹೊರುವ ಹೊಲಿಗೆಗೆ ಅವರದೊಂದು ಕಟ್ಟಳೆ. ಕುಣಿಕೆಯ ಬುಡದಲ್ಲಿ ಒಂದು ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ, ಮತ್ತೆ ಅದೇ ದಾರಿಯಲ್ಲಿ ಎರಡನೇ ಸಾಲು. ಹೊಲಿದಾದ ಮೇಲೆ ಒಳಗಿನ ಎರಡು ಕಂಬಗಳ ನಡುವೆ ಕಟ್ಟಿ, ಹೊಲಿದವರೇ ಮೊದಲು ಕೂರಬೇಕು. "ನೀನು ಕೂರೋಕೆ ಹೆದರೋದನ್ನ ಇನ್ನೊಬ್ಬರಿಗೆ ಕಟ್ಟಬೇಡ," ಎನ್ನುತ್ತಾರೆ. ನಿನ್ನ ಪಟ್ಟಿಗಳಿಗೆ ಎರಡಲ್ಲ, ಮೂರು ಸಾಲು ಹಾಕಿದ್ದೇನೆ. ಭಾನುವಾರ ಇಡೀ ಮಧ್ಯಾಹ್ನ ಅದರಲ್ಲೇ ಕೂತು ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ತೂಕ ಎಷ್ಟೆಂದು ಕೇಳಬೇಡ, ನಿನಗಿಂತ ಧಾರಾಳವಾಗಿಯೇ ಇದ್ದೇನೆ. ಮೊದಲು ಈ ಪಟ್ಟಿಗಳಿಗೆ ಬಕಲ್ ಹಾಕಿದ್ದೆ, ನೀನು ಗಂಟು ಹಾಕುವ ಕಷ್ಟವೇ ಬೇಡ ಎಂದು. ಆಮೇಲೆ ಎರಡನ್ನೂ ಬಿಚ್ಚಿ ತೆಗೆದೆ. ಭಾರ ಹೆಚ್ಚಾಯಿತು ಎನ್ನುವುದು ಅರ್ಧ ಕಾರಣ ಮಾತ್ರ.

ಕೆರೆದಂಡೆಯ ಆ ಮಧ್ಯಾಹ್ನದ ಬಗ್ಗೆ ಈ ಒಂಬತ್ತು ವರ್ಷದಲ್ಲಿ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ರಜೆಯ ಎರಡನೇ ದಿನ. ನಿನಗೆ ಹದಿಮೂರು, ನನಗೆ ಹತ್ತೊಂಬತ್ತು, ಕಾರ್ಖಾನೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನಮ್ಮ ಜೋಲಿಯ ಹಳೆಯ ಪಟ್ಟಿ ಹೆಣಭಾರ ಎಂದು ಅಪ್ಪ ಗೊಣಗುತ್ತಿದ್ದರೆಂದು ನಾನು ಹೊಸದನ್ನು ಹೊಲಿದುಕೊಟ್ಟಿದ್ದೆ. ಒಂದು ಸೇಬಿಗಿಂತ ಹಗುರವಾಗಿರುತ್ತದೆ ನೋಡಿ ಎಂದು ಪಂಥ ಕಟ್ಟಿ, ಅಂಚೆಯ ತಕ್ಕಡಿಯಲ್ಲಿ ತೂಗಿಸಿ ಗೆದ್ದಿದ್ದೆ. ಕಟ್ಟಿದ್ದು ನೀನು. ಅಪ್ಪ ಕೈಯಲ್ಲಿ ಲೋಟ ಹಿಡಿದು, "ಏನಪ್ಪಾ, ಗಂಟು ಗಟ್ಟಿ ಇದ್ಯಾ?" ಎಂದು ನಗುತ್ತಾ ಕೂತರು. ಮರುಕ್ಷಣ ಜೋಲಿಯ ಒಂದು ಕಡೆ ಕುಸಿಯಿತು. ಕೆಳಗೆ ಕಲ್ಲಿತ್ತು. ಸೊಂಟದ ಮೂಳೆ ಮುರಿದು ಅವರು ಮತ್ತೆ ಬೀದಿ ಬೀದಿ ನಡೆಯಲಿಲ್ಲ, ಉಳಿದ ನೌಕರಿಯನ್ನೆಲ್ಲ ಕಚೇರಿಯ ಹಿಂದಿನ ಕೋಣೆಯಲ್ಲಿ ಕಾಗದ ವಿಂಗಡಿಸಿ ಕಳೆದರು. ನೀನು ಅಂದಿನಿಂದ ಲೇಸ್ ಇರುವ ಬೂಟನ್ನೂ ಹಾಕಲಿಲ್ಲ. ಅಂಗಡಿಯಲ್ಲಿ ಬಕಲ್ಲಿನ ಚಪ್ಪಲಿಯನ್ನೇ ಹುಡುಕುತ್ತಿದ್ದೆ, ಅಮ್ಮ ಅದನ್ನು ಷೋಕಿ ಅಂದುಕೊಂಡಳು. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ, ಆ ನೋವನ್ನು ನಾನು ಇಂದು ಬಾಯಿಬಿಟ್ಟು ಹೇಳುತ್ತಿದ್ದೇನೆ.

ಕಾಡಿಗೆ ಹೋಗುವಾಗ ಉಣ್ಣೆಯ ಕಾಲುಚೀಲ ಎರಡು ಜೊತೆ ಇಟ್ಟುಕೋ. ಅಮ್ಮ ನಿನ್ನನ್ನು ಆಶೀರ್ವದಿಸಿದ್ದಾಳೆ, ಅದರ ಜೊತೆಗೇ ತಲೆಗೆ ಎಣ್ಣೆ ಹಚ್ಚಿಕೊಳ್ಳಲೂ ಹೇಳಿದ್ದಾಳೆ. ನಿನ್ನ ಜೊತೆಗಾರರಿಗೆ ನಮ್ಮೆಲ್ಲರ ನೆನಪು ತಿಳಿಸು. ಎಲ್ಲಿದ್ದರೂ ನಿನ್ನ ಬೆನ್ನಿಗೆ ಒಣ ಜಾಗ ಸಿಗಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ಕಾಗದದ ಒಳಗೇ ಬರೆಯಬೇಕೆಂದು ಮೂರು ಸಲ ಕೂತೆ, ಮೂರು ಸಲವೂ ತೊಗಟೆ, ನೈಲಾನ್ ಎಂದು ಏನೇನೋ ಬರೆದೆ. ಅಂಚೆಗೆ ಹೊತ್ತಾಗುತ್ತಿದೆ, ಈಗ ಹೇಳಿಬಿಡುತ್ತೇನೆ. ಅಂದು ಬಿಚ್ಚಿದ್ದು ನಿನ್ನ ಗಂಟಲ್ಲ. ಪಂಥ ಗೆಲ್ಲಲು ನಾನು ತೆಳು ದಾರ ಹಾಕಿ, ಎರಡನೇ ಸಾಲನ್ನು ಹೊಲಿಯದೆ ಬಿಟ್ಟಿದ್ದೆ. ನಾನು ಅದರಲ್ಲಿ ಕೂತೂ ನೋಡಿರಲಿಲ್ಲ. ಮರದ ಕಡೆಯ ಕುಣಿಕೆಯ ಹೊಲಿಗೆ ಪೂರ್ತಿ ಕಿತ್ತುಹೋಗಿತ್ತು. ನೀವೆಲ್ಲ ಅಪ್ಪನನ್ನು ವ್ಯಾನಿಗೆ ಹೊತ್ತೊಯ್ದಾಗ ಸಾಮಾನು ಕಟ್ಟಲು ಉಳಿದವಳು ನಾನು. ಆಗ ಕಂಡೆ. ಜೋಲಿಯಿಂದ ಬಳೆಯನ್ನು ಕತ್ತರಿಸಿ, ಪಟ್ಟಿಯ ಸಮೇತ ನನ್ನ ಚೀಲದ ತಳಕ್ಕೆ ತುರುಕಿದೆ. "ನಾನು ಸರಿಯಾಗೇ ಕಟ್ಟಿದ್ದೆ ಅಕ್ಕಾ" ಎಂದು ನೀನು ಅತ್ತಾಗ, "ಗಂಟು ಬಿಚ್ಚಿಕೊಂಡಿದೆ ಕಣೋ, ಹೋಗ್ಲಿ ಬಿಡು" ಎಂದು ತಲೆ ಸವರಿದವಳೂ ನಾನೇ. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಇಂದು ಬೆಳಿಗ್ಗೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು, "ಮೊದ್ಲು ಹುಡುಗನಿಗೆ ಬರಿ. ನನ್ನ ಹತ್ರ ಆಮೇಲೆ ಅಳುವಂತೆ," ಎಂದರು. ಅಂದು ಕಿತ್ತುಹೋದ ಆ ಪಟ್ಟಿಯೂ ಪೊಟ್ಟಣದ ತಳದಲ್ಲಿದೆ. ಬಳೆಗೆ ನೀನು ಹಾಕಿದ ಗಂಟು ಹಾಗೇ ಇದೆ. ಕಟ್ಟಿಡುವ ಮೊದಲು ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಿಚ್ಚಲು ಅರ್ಧ ಗಂಟೆ ಹೆಣಗಿದರು. ಅವರ ಉಗುರು ಕಿತ್ತುಬಂತು, ಗಂಟು ಬಿಚ್ಚಲಿಲ್ಲ.