ಸುಬ್ಬಪ್ಪನವರ ಯಂತ್ರ ಕನ್ನಡ ಮರೆತದ್ದು

ಸಾಗರ
೧೯ ಆಗಸ್ಟ್ ೧೯೮೭

ಪ್ರೀತಿಯ ಅಣ್ಣಯ್ಯಾ,

ಮದರಾಸಿನ ಸೆಕೆಗೆ ಮೈಮೇಲೆ ಎದ್ದಿದ್ದ ಬೆವರುಗುಳ್ಳೆ ಈಗ ಹೇಗಿದೆ? ಅತ್ತಿಗೆ ಬಾಣಂತನ ಮುಗಿಸಿ ಬರುವವರೆಗೆ ಹೋಟೆಲಿನ ಊಟವೇ ಗತಿಯೆಂದು ನೀನು ಬರೆದಿದ್ದೆ. ರಾತ್ರಿಯಾದರೂ ಒಂದಿಷ್ಟು ಗಂಜಿ ಮಾಡಿಕೋ. ಪಾಪುವಿಗೆ ನಿನ್ನದೇ ಮೂಗು ಎಂದು ತೀರ್ಥಹಳ್ಳಿಯಲ್ಲಿ ಅವ್ವ ಕಂಡವರಿಗೆಲ್ಲ ಹೇಳುತ್ತಿದ್ದಾಳೆ. ಕಣ್ಣಿನ ಪೊರೆ ತೆಗೆಸಲು ಮಾತ್ರ ಇನ್ನೂ ಒಪ್ಪಿಲ್ಲ.

ನಮ್ಮ ಪಾಲಿಟೆಕ್ನಿಕ್ಕಿನ ವಿಷಯ ಬರೆಯಲು ಇಷ್ಟು ದಿನ ಕೈ ಏಳಲಿಲ್ಲ. ಟೈಪಿಸ್ಟ್ ಸುಬ್ಬಪ್ಪನವರು ನಿನಗೆ ನೆನಪಿರಬೇಕು. ಇಪ್ಪತ್ತಾರು ವರ್ಷ ಕನ್ನಡ ಟೈಪ್‌ರೈಟರ್ ಕುಟ್ಟಿದವರನ್ನು ತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ತಪ್ಪು ಒತ್ತಿದರೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು, ಅವರು ಕೈಕಟ್ಟಿಕೊಂಡು ಎದ್ದು ನಿಲ್ಲುತ್ತಿದ್ದರು. ಅದನ್ನು ನೋಡಲಾರದೆಯೇ ನೀನು ನಿನ್ನ ಲ್ಯಾಬಿನಿಂದ ಕಳಿಸಿದ ಜೆರಾಕ್ಸ್ ಹಾಳೆಗಳನ್ನು ಹಿಡಿದು ಕುಳಿತೆ. ಕಂಪ್ಯೂಟರನ್ನು ನಡೆಸುವ ಯುನಿಕ್ಸ್ ಒಳಗೊಳಗೆ ಹೇಗೆ ಕೆಲಸ ಮಾಡುತ್ತದೆಂಬ ಮೂಲ ಬರಹವೆಲ್ಲ ಅದರಲ್ಲಿತ್ತಲ್ಲ. ಎರಡು ವರ್ಷ ಓದಿ, ಬೇಕಾದ ಭಾಗವನ್ನು ಯಂತ್ರಕ್ಕೆ ತುಂಬಿಸಿ, ಕನ್ನಡ ಬರಿಸಲು ನನ್ನ ಆರುನೂರು ಸಾಲು ಸೇರಿಸಿದೆ. ಕೊನೆಗೊಂದು ದಿನ "ಈ ಹೆಸರಿನ ಕಡತ ಇಲ್ಲ" ಎಂದು ಪರದೆಯ ಮೇಲೆ ಕನ್ನಡ ಮೂಡಿತು. ಸುಬ್ಬಪ್ಪನವರು ಕನ್ನಡಕ ಒರೆಸಿಕೊಂಡು ಮತ್ತೆ ಓದಿ, "ಮೇಡಂ, ಇದು ನಂಗೆ ತಿಳಿಯೋ ಹಂಗೆ ಬೈತೈತಲ್ರೀ!" ಎಂದು ನಕ್ಕರು. ಆಮೇಲೆ ಅವರು ಒಂದು ದಿನವೂ ರಜೆ ಹಾಕಲಿಲ್ಲ.

ಜೂನಿನಲ್ಲಿ ರಿಪೇರಿಗೆ ಬಂದ ಕಂಪ್ಯೂಟರ್ ಕಂಪನಿಯವನು ಅದನ್ನು ನೋಡಿಕೊಂಡು ಹೋದ. ಹದಿನೈದು ದಿನಕ್ಕೆ ಬೊಂಬಾಯಿಯ ವಕೀಲರ ಪತ್ರ ಬಂತು. ನಾವು ಕೊಂಡದ್ದು ಯುನಿಕ್ಸನ್ನು ಬಳಸುವ ಹಕ್ಕು ಮಾತ್ರವಂತೆ. ಮೂಲ ಬರಹ ಅಮೆರಿಕದ ಕಂಪನಿಯ ಸ್ವತ್ತಂತೆ, ಅದನ್ನು ನಾನು ಓದಿದ್ದೇ ತಪ್ಪಂತೆ. ಹಿಂದೆ ಕಾಲೇಜುಗಳಿಗೆ ಅವರೇ ಕೊಟ್ಟು ಓದಿಸಿದ್ದರಲ್ಲ ಎಂದು ಬರೆದೆ. ಆಗಿನ ಕರಾರು ಬೇರೆ, ಈಗಿನದು ಬೇರೆ ಎಂದು ಉತ್ತರ ಬಂತು. ನನ್ನ ಆರುನೂರು ಸಾಲನ್ನಾದರೂ ಬಿಡಿ ಎಂದು ಕೇಳಿಕೊಂಡೆ. ಅವರದನ್ನು ನೋಡಿ ಬರೆದದ್ದರಿಂದ ಅದೂ ಅವರದೇ ಅಂತೆ. ಬಸ್ಸು ಹಿಡಿದು ಹೊಸನಗರದ ವಕೀಲ ಮುಕುಂದಯ್ಯನವರ ಹತ್ತಿರ ಹೋದೆ. ಅವರು ಎರಡು ಸಲ ಓದಿ, "ಗೇಣಿ ಕೇಸಾಗಿದ್ರೆ ಉತ್ತವ್ರ ಕಡೆ ನಿಂತು ಮಾತಾಡ್ತಿದ್ದೆ ಕಣಮ್ಮ. ಇದ್ರಲ್ಲಿ ಉತ್ತಿದ್ದೇ ಅಪರಾಧ ಅಂತಾರಲ್ಲ" ಎಂದು ಪತ್ರ ಮಡಿಚಿ ಕೊಟ್ಟರು. ನಮ್ಮ ಪ್ರಿನ್ಸಿಪಾಲ್ ವಾಸಪ್ಪನವರು ಕೆಟ್ಟವರಲ್ಲ, ಹೆದರಿದ್ದಾರೆ ಅಷ್ಟೆ. "ನಿಮ್ಮ ಕನ್ನಡಕ್ಕೋಸ್ಕರ ನಾನು ಬೊಂಬಾಯಿ ಕೋರ್ಟು ಹತ್ತಬೇಕೇನ್ರೀ?" ಎಂದರು.

ಹೋದ ವಾರ ಯಂತ್ರದಲ್ಲಿದ್ದದ್ದನ್ನೆಲ್ಲ ಅಳಿಸಿದರು, ಹಾಳೆಗಳನ್ನು ಸುಡಲು ಹೇಳಿದರು. ಮಳೆಗೆ ತಂಡಿ ಹಿಡಿದ ಹಾಳೆಗಳು ಹೊರಗೆ ಹೊತ್ತಿಕೊಳ್ಳಲಿಲ್ಲ. ವರ್ಕ್‌ಶಾಪಿನ ಕುಲುಮೆಗೆ ನಾನೇ ಒಂದೊಂದಾಗಿ ಹಾಕಿದೆ. ಇನ್ನು ಮುಂದೆ ಎಲ್ಲಿಯೂ ಇಂಥದ್ದು ಬರೆಯುವುದಿಲ್ಲವೆಂದು ಸಹಿ ಮಾಡಿಕೊಟ್ಟಿದ್ದೇನೆ. ಸುಬ್ಬಪ್ಪನವರನ್ನು ಸ್ಟೋರ್‌ರೂಮಿಗೆ ಹಾಕಿದ್ದಾರೆ, ಮುರಿದ ಸ್ಟೂಲುಗಳಿಗೆ ನಂಬರ್ ಬರೆಯುವ ಕೆಲಸ. ನಿನ್ನೆ ನನ್ನನ್ನು ಕಂಡು, "ರಿಟೈರಾಗೋಕೆ ಇನ್ನು ಮೂರು ವರ್ಷ, ಹೆಂಗೋ ತಳ್ತೀನಿ ಬಿಡ್ರೀ" ಎಂದರು.

ಅವ್ವನಿಗೆ ಇದ್ಯಾವುದನ್ನೂ ಬರೆಯಬೇಡ. ಅತ್ತಿಗೆಗೆ ಬರೆಯುವಾಗ ನನ್ನ ನೆನಪು ಹೇಳು. ಪಾಪುವಿಗೆ ಮುತ್ತು.

ನಿನ್ನ ತಂಗಿ
ವನಮಾಲಾ

ಅಣ್ಣಯ್ಯಾ, ಟಪಾಲು ತೆಗೆಯುವ ಹೊತ್ತಾಯಿತು, ಇದನ್ನು ಬರೆಯದೆ ಕಳಿಸಲಾರೆ. ಹಾಳೆ ಎಲ್ಲಿಂದ ಬಂತೆಂದು ಹೇಳದಿದ್ದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಕಾಲೇಜಿನವರು ಹೇಳಿದರು. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ನಿನ್ನ ಹೆಸರನ್ನೂ ನಿನ್ನ ಲ್ಯಾಬಿನ ವಿಳಾಸವನ್ನೂ ನನ್ನ ಕೈಯಾರೆ ಬರೆದುಕೊಟ್ಟೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಬೊಂಬಾಯಿ ವಕೀಲರ ಪತ್ರ ಶುಕ್ರವಾರವೇ ಹೋಗಿದೆ. ನನ್ನದು ಅದಕ್ಕಿಂತ ಮೊದಲು ನಿನ್ನ ಕೈ ಸೇರಲಾರದು.