ನಾನು ಅಳದ ನಾಟಕ

ಅಂಕೋಲಾ
೧೭ ಫೆಬ್ರುವರಿ ೨೦೨೫

ನನ್ನ ಮುದ್ದಿನ ಮಗಳೇ ದೀಕ್ಷಾ,

ಫೋನಿದ್ದೂ ಆಯಿ ಯಾಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಹೊರಟರೆ ನಗು ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ನೀನೂ ನಡುನಡುವೆ ಬಾಯಿ ಹಾಕುತ್ತೀ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಆಯಿ ನಾಟಕ ಮಾಡಿದಳು ಮಗಾ! ಅದೂ ಮುಖ್ಯ ಪಾತ್ರ.

ಇಲ್ಲಿಯ ಕಾಲೇಜಿನಲ್ಲಿ ಪಾಠ ಮಾಡುವ ವಿಕಾಸ ಮಾಸ್ತರರು ದುಡಿಯುವ ಹೆಂಗಸರ ಶೋಷಣೆಯ ಮೇಲೆ ನಾಟಕ ಬರೆದಿದ್ದರು. ದುಡಿಯುವವರೇ ಆಡಲಿ ಎಂದು ನಮ್ಮ ಸಿಗಡಿ ಸುಲಿಯುವ ಶೆಡ್ಡಿಗೇ ಹುಡುಕಿಕೊಂಡು ಬಂದರು. ನನ್ನ ಗಂಟಲು ದೊಡ್ಡದೆಂದು, ಪಕ್ಕದಲ್ಲಿ ನಿಂತು ಸುಲಿಯುವ ಮಾದಿ ನನ್ನನ್ನೇ ಮುಂದೆ ದೂಡಿದಳು.

ಆ ಪಾತ್ರಕ್ಕೆ ಇದ್ದದ್ದು ಒಂದೇ ಕೆಲಸ, ಅಳುವುದು. ಮೊದಲು ಗಂಡನ ಮುಂದೆ, ಆಮೇಲೆ ಮಾಲೀಕನ ಕಾಲು ಹಿಡಿದು. ಕೊನೆಗೆ ಪೇಟೆಯಿಂದ ಓದಿದವನೊಬ್ಬ ಬಂದು ನನ್ನನ್ನು ಎತ್ತಿ ನಿಲ್ಲಿಸುತ್ತಾನೆ. ಮೂರು ದಿನ ತಾಲೀಮು ಮಾಡಿದರೂ ಕಾಲು ಹಿಡಿಯುವ ಜಾಗಕ್ಕೆ ಬಂದರೆ ನನಗೆ ನಗುವೇ. ಮಾಲೀಕನಾಗಿದ್ದವಳು ನಮ್ಮ ಶೆಡ್ಡಿನ ಕಾಮಿ. ಗಂಡನ ಪ್ಯಾಂಟು ಹಾಕಿಕೊಂಡು ನಿಂತಿದ್ದಳು, ಅದು ಜಾರುತ್ತಿತ್ತು. ನಗದೆ ಏನು ಮಾಡಲಿ? ಮಾಸ್ತರರಿಗೆ ಸಿಟ್ಟು ಬಂತು.

"ಗಂಗಕ್ಕಾ, ಇದು ನಿಮ್ದೇ ಕಷ್ಟ. ನಿಮ್ಗೇ ಅಳು ಬರೂದಿಲ್ಲ ಅಂದ್ರೆ ಹೆಂಗೆ?"

"ಮಾಸ್ತರ್ರೇ, ಶೆಡ್ಡಲ್ಲಿ ನಾವು ಯಾರ ಕಾಲೂ ಹಿಡಿದವ್ರಲ್ಲ. ನಮ್ಮ ಕಷ್ಟ ಬೇರೇನೇ ಅದೆ. ಹೇಳೂಕೆ ನಾಚಿಕೆ, ಅಷ್ಟೇ" ಎಂದೆ.

ಆಮೇಲೆ ಹೇಳಿಯೇಬಿಟ್ಟೆ. ಶೆಡ್ಡಿನ ಪಾಯಖಾನೆಗೆ ಬೀಗ. ಬೀಗದ ಕೈ ಸುಪರ್‌ವೈಸರ್ ದತ್ತಾನ ಕಿಸೆಯಲ್ಲಿ. ಲಾರಿಯವರೆಲ್ಲ ನೋಡುತ್ತಿರುವಾಗ ಅವನ ಮುಂದೆ ಕೈ ಚಾಚಬೇಕು. "ಈಗಷ್ಟೇ ಹೋಗಿದ್ಯಲ್ಲೇ, ಮತ್ತೆ ಎಂಥದು?" ಎಂದು ಅವನು ಕೇಳುತ್ತಾನೆ, ಲಾರಿಯವರು ನಗುತ್ತಾರೆ. ಆ ಹೆದರಿಕೆಗೇ ನಾವು ಬೆಳಿಗ್ಗೆಯಿಂದ ನೀರು ಮುಟ್ಟುವುದಿಲ್ಲ. ಒಂದು ದಿನ ಒಬ್ಬಳಿಗೆ ತಡೆಯಲಾಗದೆ ನಿಂತಲ್ಲೇ ಸೀರೆ ಒದ್ದೆಯಾಯಿತು.

ಮಾಸ್ತರರ ಹತ್ತಿರ 'ಒಬ್ಬಳು' ಎಂದೇ ಹೇಳಿದೆ. ನಿನಗೆ ಸುಳ್ಳು ಬರೆಯಲಾರೆ. ಹೋದ ವರ್ಷ ಮೀನುನೀರಿನಲ್ಲಿ ಜಾರಿಬಿದ್ದೆ ಎಂದು ನಡುಮಧ್ಯಾಹ್ನ ಮನೆಗೆ ಬಂದಿದ್ದೆನಲ್ಲ, ಅದು ಆ ದಿನವೇ.

ಮಾಸ್ತರರು ಪುಸ್ತಕ ಮುಚ್ಚಿ, "ಇದನ್ನೇ ಆಡುವಾ. ನೀವು ಹೇಳಿಕೊಡಿ, ನಾ ಬರ್ಕೊಳ್ತೆ" ಎಂದರು. ಓದಿದವನ ಪಾತ್ರ ಹೋಯಿತು. ಕಾಮಿ ಅದೇ ಪ್ಯಾಂಟಿನಲ್ಲಿ ಸುಪರ್‌ವೈಸರ್ ಆದಳು.

ಒಂಬತ್ತನೇ ತಾರೀಕು ಭಾನುವಾರ ಸಂಜೆ ಶಾಲೆಯ ಬಯಲಿನಲ್ಲಿ ಆಟ. ಕಾಮಿ ಬೀಗದ ಕೈ ಗೊಂಚಲು ಕುಣಿಸುತ್ತ ಬಂದಾಗ ಜನ ಬಿದ್ದು ಬಿದ್ದು ನಕ್ಕರು. ನಾನು ಕೈ ಚಾಚಿ ನಿಂತಾಗ ಆ ನಗು ತಟ್ಟನೆ ನಿಂತಿತು. ಮುಂದಿನ ಸಾಲಿನಲ್ಲಿ ನಮ್ಮ ಶೆಡ್ಡಿನ ಮಾಲೀಕರು, ಪಕ್ಕದಲ್ಲಿ ಅವರ ಹೆಂಡತಿ! ಅತಿಥಿಗಳೆಂದು ಮಾಸ್ತರರೇ ಕರೆದಿದ್ದರಂತೆ. ಅವರನ್ನು ಕಂಡು ನನಗೆ ಮಾತೇ ಮರೆತುಹೋಯಿತು. ಕೈಯಲ್ಲಿ ನೀರಿನ ಬಾಟ್ಲಿ ಇತ್ತು. ಅದನ್ನು ಕುಡಿಯದೆ ಕೆಳಗಿಡಬೇಕೆಂದು ಹೇಳಿಕೊಟ್ಟಿದ್ದರು. ನಾನು ಮುಚ್ಚಳ ತೆಗೆದೆ.

"ನಮ್ಗೂ ನೀರಡಿಕೆ ಆಗ್ತದೆ ಸಾವ್ಕಾರ್ರೇ" ಎಂದು ಅವರನ್ನೇ ನೋಡಿ ಹೇಳಿ, ಗಟಗಟ ಕುಡಿದೆ.

ಜನರ ನಡುವಿನಿಂದ ಮಾದಿ "ಕುಡಿಯೇ ಗಂಗೂ!" ಎಂದು ಕೂಗಿದಳು. ನೋಡಿದರೆ ಶೆಡ್ಡಿನ ಹೆಂಗಸರೆಲ್ಲ ಎದ್ದು ನಿಂತು ತಮ್ಮ ತಮ್ಮ ಬಾಟ್ಲಿ ಎತ್ತಿ ಕುಡಿಯುತ್ತಿದ್ದಾರೆ! ಯಾರೂ ಹೇಳಿಕೊಟ್ಟದ್ದಲ್ಲ ಅದು. ಬಯಲಿಗೆ ಬಯಲೇ ಚಪ್ಪಾಳೆ.

ಮರುದಿನ ಕೆಲಸ ಹೋಯಿತೆಂದೇ ತಿಳಿದು, ಎಲ್ಲರೂ ಒಟ್ಟಿಗೆ ಕೈ ಹಿಡಿದುಕೊಂಡು ಹೋದೆವು. ಬಾಗಿಲಲ್ಲಿ ಮಾಲೀಕರ ಹೆಂಡತಿ ನಿಂತಿದ್ದರು. ದತ್ತಾನ ಕೈಯಿಂದಲೇ ಪಾಯಖಾನೆಯ ಬೀಗ ತೆಗೆಸಿದರು. ಆಚಾರಿಯನ್ನು ಕರೆಸಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದರು. "ಮೊದ್ಲೇ ಯಾಕೆ ಹೇಳ್ಲಿಲ್ಲ ನೀವು?" ಎಂದರು. "ಕೇಳಿದವ್ರು ಯಾರು ಅಮ್ಮೋರೇ?" ಎಂದಳು ಮಾದಿ.

ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡ. ಈಗಲೂ ಇಡೀ ದಿನ ನಿಂತೇ ಸುಲಿಯಬೇಕು. ಮುಂದಿನ ನಾಟಕ ಕೂರುವ ಸ್ಟೂಲಿನ ಬಗ್ಗೆ ಎಂದು ಕಾಮಿ ದತ್ತಾನಿಗೆ ಕೇಳುವ ಹಾಗೆಯೇ ಹೇಳುತ್ತಿರುತ್ತಾಳೆ. ಅವನು ಕಿವಿ ಕೇಳದವನ ಹಾಗೆ ಲಾರಿಯ ಕಡೆ ನಡೆಯುತ್ತಾನೆ. ನಾವು ನಕ್ಕು ನಕ್ಕು ಸಾಯುತ್ತೇವೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಈಗ ನಟಿಯೂ ಆಗಿರುವ ನಿನ್ನ ಆಯಿ,
ಗಂಗೂ

ತಾ.ಕ.: ಹೋದ ತಿಂಗಳು ನೀನು ರಜೆಗೆ ಬಂದಾಗ ಭಜನೆಗೆಂದು ಹೇಳಿ ಹೊರಟದ್ದು ತಾಲೀಮಿಗೆ. ಆಟದ ದಿನವನ್ನೂ ಬೇಕೆಂದೇ ನಿನಗೆ ತಿಳಿಸಲಿಲ್ಲ. ನಿನ್ನ ಆಯಿ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ ಎಂದು ನರ್ಸಿಂಗ್ ಕಾಲೇಜಿನ ಗೆಳತಿಯರಿಗೆ ನೀನು ಹೇಳಿರುವುದು ನನಗೆ ಗೊತ್ತು. ಬೇಜಾರಿಲ್ಲ ಮಗಾ. ಮಾರ್ಚ್ ಎಂಟಕ್ಕೆ ಕಾರವಾರದಲ್ಲೇ, ನಿನ್ನ ಹಾಸ್ಟೆಲಿನ ಹತ್ತಿರದ ಮೈದಾನದಲ್ಲಿ, ನಮ್ಮ ಆಟ ಇದೆ. ಅವರನ್ನೆಲ್ಲ ಕರೆದುಕೊಂಡು ಬಾ. ಮನಸ್ಸಾಗದಿದ್ದರೆ ಒಬ್ಬಳೇ ಬಾ. ನಾನು ಯಾರೆಂದು ಅವರಿಗೆ ಹೇಳುವುದು ನಿನಗೆ ಬಿಟ್ಟದ್ದು. ನಾನಂತೂ ನಿನ್ನನ್ನು ಕಂಡ ಕೂಡಲೇ ನನ್ನ ಮಗಳೆಂದು ಮೈಕಿನಲ್ಲೇ ಹೇಳಿಬಿಡುವವಳು.