ವೈದ್ಯರು ಬಂದಿಲ್ಲ, ಅವರ ಕಾರ್ಡು ಬಂದಿದೆ

ಔಷಧಿ ಕೌಂಟರಿನ ಮುಂದೆ ನೆರೆದ ಮಹಾಜನರೇ, ಬೆಂಚು ಸಿಗದೆ ಗೋಡೆಗೊರಗಿದವರೇ, ಕಾರ್ಡು ಹಿಡಿದು ಬಾಗಿಲಲ್ಲೇ ಉಳಿದವರೇ, ಸ್ವಲ್ಪ ಹತ್ತಿರ ಬನ್ನಿ. ನನ್ನ ಮಾತು ನಿಮ್ಮೊಡನೆ ಅಲ್ಲ. ಆದರೂ ನೀವು ಕೇಳಿಸಿಕೊಳ್ಳಬೇಕು. ಒಬ್ಬನೇ ಹೋಗಿ ಹೇಳಿದರೆ ಅದು ಅರ್ಜಿಯಾಗುತ್ತದೆ, ಅರ್ಜಿ ಕಪಾಟು ಸೇರುತ್ತದೆ.

ಆರೋಗ್ಯ ಕಾರ್ಡು ಯೋಜನೆಯ ಮಾನ್ಯ ನಿರ್ದೇಶಕರೇ! ನಿಮ್ಮ ಕಾರ್ಡ್ ರೀಡರ್ ನನ್ನ ತಂಗಿಯ ಕಾಯಿಲೆಯನ್ನು ಊರಿಗೆಲ್ಲ ಸಾರಿತು. ಅವಳ ಕೆಲಸ ಹೋಗುವ ಹಾಗಿದೆ. ಅದಕ್ಕಿಂತ ಕೆಟ್ಟದ್ದೂ ಆಗುವ ಹಾಗಿದೆ. ಇದು ನನ್ನ ದೂರು.

ಕಾಯಿಲೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅಂಟುವಂಥದ್ದಲ್ಲ, ದಿನಾ ಮಾತ್ರೆ ನುಂಗಿದರೆ ಅವಳು ನಿಮ್ಮಷ್ಟೇ, ನನಗಿಂತಲೂ ಹೆಚ್ಚು, ಗಟ್ಟಿಯಾಗಿರುತ್ತಾಳೆ. ಇಷ್ಟು ತಿಳಿದರೆ ಸಾಕು. ಪತ್ರ ಬರೆಯಲೇ ಎಂದು ಅವಳನ್ನು ಕೇಳಿದೆ. ಬರಿ, ಹೆಸರು ಹಾಕಬೇಡ ಅಂದಳು. ಮನುಷ್ಯರು ಹೀಗೆ ಕೇಳಿಕೊಳ್ಳುತ್ತಾರೆ ಸ್ವಾಮಿ. ನಿಮ್ಮ ಯಂತ್ರ ಕೇಳಿತೇ?

ನಿಮ್ಮ ಕಚೇರಿಗೆ ಫೋನು ಮಾಡಿದೆ. ಒಬ್ಬ ಅಧಿಕಾರಿಣಿ ಬಹಳ ತಾಳ್ಮೆಯಿಂದ ವಿವರಿಸಿದರು. ಕಾರ್ಡಿನ ಚಿಪ್ಪಿನೊಳಗಿನ ಮಾಹಿತಿ ಗೂಢಲಿಪಿಯಲ್ಲಿದೆಯಂತೆ. ಅದು ತೆರೆಯಬೇಕಾದರೆ ರೀಡರಿನ ಒಂದು ಬಾಯಿಗೆ ರೋಗಿಯ ಕಾರ್ಡು, ಇನ್ನೊಂದು ಬಾಯಿಗೆ ವೈದ್ಯರ ಕಾರ್ಡು, ಎರಡೂ ಬೀಳಬೇಕಂತೆ. ಒಂದು ತಪ್ಪಿದರೂ ಪರದೆ ಕಪ್ಪು. ಆಹಾ! ಕೇಳುತ್ತಾ ಕೇಳುತ್ತಾ ಚಪ್ಪಾಳೆ ತಟ್ಟುವುದೊಂದು ಬಾಕಿ. ಇಷ್ಟು ಚೆನ್ನಾಗಿ ಕಟ್ಟಿದ ಕೋಟೆಯನ್ನು ಯಾವ ಶತ್ರು ಮುರಿದಾನು? ಯಾರೂ ಮುರಿದಿಲ್ಲ ಎಂದು ಅವರೂ ಹೆಮ್ಮೆಯಿಂದಲೇ ಹೇಳಿದರು.

ಈಗ ನಮ್ಮ ಚಿಕಿತ್ಸಾಲಯಕ್ಕೆ ಬನ್ನಿ. ಎರಡು ಕೋಣೆ, ಒಂದು ಕೌಂಟರು, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಬುಟ್ಟಿ. ಬಂದವರು ಕಾರ್ಡನ್ನು ಬುಟ್ಟಿಗೆ ಹಾಕಿ ಹೊರಗೆ ಕೂರುತ್ತಾರೆ. ಜನರ ಬದಲು ಕಾರ್ಡುಗಳೇ ಸಾಲು ನಿಲ್ಲುತ್ತವೆ. ಮಂಡಿ ನೋವಿನವರಿಗೆ ದೊಡ್ಡ ಉಪಕಾರ, ನಾನೇ ಎಷ್ಟೋ ಸಲ ಕಾರ್ಡು ಹಾಕಿ ಚಹಾಕ್ಕೆ ಹೋಗಿದ್ದೇನೆ. ಇನ್ನು ವೈದ್ಯರ ಕಾರ್ಡು? ಅದನ್ನು ಹೊರಗೆ ತೆಗೆದರೆ ಯಂತ್ರ ಮತ್ತೆ ಗುಪ್ತಸಂಖ್ಯೆ ಕೇಳುತ್ತದೆ, ಆಮೇಲೆ ತಪಸ್ಸಿಗೆ ಕೂರುತ್ತದೆ. ಸಾಲು ಗೊಣಗುತ್ತದೆ. ಆದ್ದರಿಂದ ಬೆಳಗ್ಗೆ ಬಾಗಿಲು ತೆರೆದಾಗ ನೌಕರನೇ ಸಂಖ್ಯೆ ಒತ್ತಿ ಹಾಕಿದ ಕಾರ್ಡು ಸಂಜೆ ಬಾಗಿಲು ಹಾಕುವವರೆಗೂ ಅಲ್ಲೇ.

ಔಷಧಿ ಕೊಡುವವನನ್ನು ನಾವೆಲ್ಲ ಮಾತ್ರೆ ಮಾವ ಎಂದು ಕರೆಯುತ್ತೇವೆ. ಕೆಟ್ಟವನಲ್ಲ. ವೈದ್ಯರು ಕಾಣುತ್ತಿಲ್ಲವಲ್ಲ ಎಂದು ಕೇಳಿದೆ.

"ಅವರು ಬರೋದು ಮಧ್ಯಾಹ್ನ ಆಗುತ್ತೆ. ಕಾರ್ಡು ಬಂದಿದೆಯಲ್ಲ, ಸಾಕು ಬಿಡಿ" ಅಂದ.

ತಂಗಿಯ ವಿಷಯ ಹೇಗೆ ಹೊರಬಿತ್ತು ಎಂದು ಕೇಳಿದ್ದಕ್ಕೂ ಅವನು ಏನೂ ಮುಚ್ಚಿಡಲಿಲ್ಲ. ಅವನು ಡಬ್ಬ ತರಲು ಒಳಗೆ ಹೋಗಿದ್ದನಂತೆ. ಸಾಲಿನಲ್ಲಿದ್ದ ಒಬ್ಬ ತಾಯಿ ತಡವಾಗುತ್ತಿದೆ, ನಾನೇ ಕಾರ್ಡು ಹಾಕಿಕೊಳ್ಳಲೇ ಎಂದು ಕೂಗಿ ಕೇಳಿದಳಂತೆ. ಹಾಕಿ ಅಂದನಂತೆ.

"ಸಾಲಲ್ಲಿದ್ದವರೇ ಹಾಕ್ಕೊಂಡ್ರೆ ನಮಗೂ ಕೆಲಸ ಹಗುರ ಅಲ್ವಾ?"

ಆಕೆ ಬುಟ್ಟಿಗೆ ಕೈ ಹಾಕಿದಾಗ ಮೇಲಿದ್ದ ಕಾರ್ಡಿನಲ್ಲಿ ಗುರುತಿನ ಮುಖ ಕಂಡಿತು. ಶಿಶುವಿಹಾರದಲ್ಲಿ ತನ್ನ ಮಗುವಿಗೆ ಉಣಿಸಿ ಮಲಗಿಸುವ ನನ್ನ ತಂಗಿಯ ಮುಖ. ಕುತೂಹಲ ತಡೆಯಲಾಗಲಿಲ್ಲ. ಕಾರ್ಡು ಒಳಗೆ ಹೋಯಿತು, ಎರಡೂ ಬಾಯಿ ತುಂಬಿದವು, ನಿಮ್ಮ ಕೋಟೆ ನಿಯಮ ಪ್ರಕಾರವೇ ಬಾಗಿಲು ತೆರೆಯಿತು. ಕಾಯಿಲೆ, ಮಾತ್ರೆ, ಯಾವ ವೈದ್ಯರು, ಎಲ್ಲವೂ ಪರದೆಯ ಮೇಲೆ. ಆ ತಾಯಿ ಹೆದರಿದಳು. ಹೆದರಿದವರು ಇನ್ನೊಬ್ಬರಿಗೆ ಹೇಳುತ್ತಾರೆ. ಸಂಜೆಯೊಳಗೆ ಎಲ್ಲ ತಾಯಂದಿರ ಫೋನಿನಲ್ಲೂ ಅದೇ ಸುದ್ದಿ.

ಶಿಶುವಿಹಾರದ ಯಜಮಾನಿ ತಂಗಿಯನ್ನು ಒಳಗೆ ಕರೆದು, ಸ್ವಲ್ಪ ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಮಗುವೊಂದಕ್ಕೆ ಜೋರಾಗಿ ಗದರಿದ ದೂರು ಕೂಡ ಅವಳ ಮೇಲೆ ಎಂದೂ ಇರಲಿಲ್ಲ. ವಿಶ್ರಾಂತಿ ಎಂಬ ಪದಕ್ಕೆ ಇಷ್ಟೊಂದು ಹಲ್ಲುಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಮೊನ್ನೆ ಅಡುಗೆಮನೆಗೆ ಹೋದರೆ ಅವಳು ತರಕಾರಿ ಚಾಕುವಿನಲ್ಲಿ ಮಾತ್ರೆಯನ್ನು ಅರ್ಧ ಮಾಡುತ್ತಿದ್ದಳು. ಡಬ್ಬದಲ್ಲಿ ಉಳಿದದ್ದು ಇನ್ನಷ್ಟು ದಿನ ಬರಲಿ ಎಂದು. ಎಷ್ಟು ಹೇಳಿದರೂ ಕೇಳಲಿಲ್ಲ. ಚಾಕು ಕೆಳಗಿಟ್ಟು ಮೆಲ್ಲಗೆ ಅಂದಳು:

"ತೀರಿದ್ರೆ ತೀರಲಿ ಅಣ್ಣ. ಆ ಯಂತ್ರದ ಬಾಯಿಗೆ ಇನ್ನೊಂದ್ಸಲ ನನ್ನ ಕಾರ್ಡ್ ಕೊಡಲ್ಲ."

ನಾಟಕಗಳಲ್ಲಿ ರಾಜನ ವೇಷ ಹಾಕುವವನು ನಾನು, ರಂಗದ ಮೇಲೆ ಸಿಂಹಾಸನ ಕಳೆದುಕೊಂಡಾಗಲೂ ಯಾರಿಗೂ ದೂರು ಬರೆದವನಲ್ಲ. ಅಂದು ರಾತ್ರಿಯೇ ಈ ಪತ್ರಕ್ಕೆ ಕೂತೆ.

ಹೇಳಿ ನಿರ್ದೇಶಕರೇ, ಯಂತ್ರ ಸುರಕ್ಷಿತವೇ? ಸುರಕ್ಷಿತ ಎಂದೇ ನಿಮ್ಮ ಉತ್ತರ, ಬಳಸುವವರು ಸರಿಯಿಲ್ಲ ಎಂದೇ ನಿಮ್ಮ ಸಮಾಧಾನ. ಆದರೆ ಆ ಯಂತ್ರ ನಿಮ್ಮ ಪ್ರಯೋಗಾಲಯದಲ್ಲಿ ಇಲ್ಲವಲ್ಲ! ಅವಸರದ ಸಾಲಿನ ಮುಂದೆ, ಒಬ್ಬನೇ ನೌಕರನಿರುವ ಕೌಂಟರಿನ ಮೇಲೆ ಇದೆ. ಕಾರ್ಡು ತೆಗೆದವರಿಗೆಲ್ಲ ಕಾಯುವ ಶಿಕ್ಷೆ ಕೊಟ್ಟು, ಅದನ್ನು ಅಲ್ಲೇ ಬಿಡುವಂತೆ ಮಾಡಿದವರು ಯಾರು? ಮಾತ್ರೆ ಮಾವನೇ?

ನನ್ನ ಬೇಡಿಕೆ ಸರಳ. ವೈದ್ಯರು ಎದ್ದಾಗ ಅವರ ಕಾರ್ಡೂ ಏಳಬೇಕು, ಮತ್ತೆ ಹಾಕಿದಾಗ ಯಂತ್ರ ತಕ್ಷಣ ಎಚ್ಚರವಾಗಬೇಕು. ಪರದೆ ಸಾಲಿಗೆ ಬೆನ್ನು ಮಾಡಬೇಕು. ಔಷಧಿ ಕೊಡಲು ಬೇಕಾದ ಔಷಧಿಯ ಹೆಸರಷ್ಟೇ ಅದರಲ್ಲಿ ಕಾಣಬೇಕು. ಮತ್ತು ತಪ್ಪು ನನ್ನ ತಂಗಿಯದಲ್ಲ, ನಮ್ಮದು ಎಂದು ಶಿಶುವಿಹಾರದ ಯಜಮಾನಿಗೆ ನೀವೇ ಬರೆದು ತಿಳಿಸಬೇಕು.

ನೀವು ಇದನ್ನೆಲ್ಲ ಮಾಡುವವರೆಗೆ ಅವಳ ಡಬ್ಬ ಕಾಯುವುದಿಲ್ಲ. ಆದ್ದರಿಂದ ನಾಳೆ ಬೆಳಗ್ಗೆ ಅವಳನ್ನು ಕರೆದುಕೊಂಡು ಆ ಕೌಂಟರಿಗೆ ಹೋಗುತ್ತೇನೆ. ಅವಳಿನ್ನೂ ಒಪ್ಪಿಲ್ಲ, ಒಪ್ಪಿಸುತ್ತೇನೆ. ಅವಳ ಕಾರ್ಡು ಒಳಗೆ ಹೋದ ಕ್ಷಣ ನಾನು ಸಾಲಿನ ಕಡೆ ತಿರುಗಿ, ಕೊನೆಯ ಬೆಂಚಿಗೂ ಕೇಳುವ ಗಂಟಲಿನಲ್ಲಿ, ಮೂಲವ್ಯಾಧಿಯಿಂದ ಕಟ್ಟಿಸಿದ ಹಲ್ಲಿನವರೆಗೆ ನನ್ನ ಎಲ್ಲ ಕಾಯಿಲೆಗಳನ್ನೂ ಒಂದೊಂದಾಗಿ ಸಾರುತ್ತೇನೆ. ಜನ ನಗಲಿ. ಎಲ್ಲರ ಕಣ್ಣೂ ನನ್ನ ಮೇಲಿರಲಿ. ಅವಳು ಮಾತ್ರೆ ಚೀಲಕ್ಕೆ ಹಾಕಿಕೊಂಡು ಬಾಗಿಲು ದಾಟುವವರೆಗೆ ನಾನು ನಿಲ್ಲಿಸುವುದಿಲ್ಲ.

ಇಂತಿ,
ಊರಿಗೆಲ್ಲ ಗೊತ್ತಾದ ಗುಟ್ಟನ್ನು ಇನ್ನೂ ಬಚ್ಚಿಡುತ್ತಿರುವ
ಒಬ್ಬ ಅಣ್ಣ